ಉತ್ತರ ಇದೆಯಾ ಅಂತ ಮೊದಲು ಕೇಳಿ

ಹೋದ ಸೆಮಿಸ್ಟರ್ ಮಿನಿ ಪ್ರಾಜೆಕ್ಟ್‌ಗೆ ಅಂತ ಎರಡು ರಾತ್ರಿ ನಿದ್ದೆಗೆಟ್ಟೆ. ಸಮೀಕರಣ ನೋಡೋಕೆ ಪಾಪದ್ದು: ಯು ಡಬಲ್ ಡ್ಯಾಶ್ ಪ್ಲಸ್ ಲ್ಯಾಮ್ಡಾ ಇಂಟು ಇ ಪವರ್ ಯು, ಈಕ್ವಲ್ ಟು 0. ಎಕ್ಸ್ 0 ಆದಾಗಲೂ 1 ಆದಾಗಲೂ ಯು ಸೊನ್ನೆ. ಇದಕ್ಕೆ ಬ್ರಾಟು ಪ್ರಾಬ್ಲಮ್ ಅಂತಾರೆ. ನಾನು ಲ್ಯಾಮ್ಡಾ 4 ಹಾಕಿ, ಹಿಂದಿನ ಯು ಇಟ್ಟುಕೊಂಡು ಮುಂದಿನದನ್ನ ಲೆಕ್ಕ ಹಾಕೋ ಪೈಥಾನ್ ಕೋಡ್ ಬರೆದೆ. ಮೊದಲು ನಿಧಾನವಾಗಿ ಏರ್ತಿತ್ತು, ಆಮೇಲೆ ಇದ್ದಕ್ಕಿದ್ದ ಹಾಗೆ ಓವರ್‌ಫ್ಲೋ. ಗ್ರಿಡ್ ಸಣ್ಣದು ಮಾಡಿದೆ. ಮೈನಸ್ ಎಲ್ಲಾದ್ರೂ ತಪ್ಪಿದೆಯಾ ಅಂತ ರೂಮ್‌ಮೇಟ್‌ನ ಎಬ್ಬಿಸಿ ತೋರಿಸಿದೆ. ಕೊನೆಗೆ ಐದೇ ಸುತ್ತಿಗೆ ನಿಲ್ಲಿಸಿ, ಬಂದ ಗ್ರಾಫನ್ನೇ ರಿಪೋರ್ಟ್‌ಗೆ ಅಂಟಿಸಿದೆ. ಗುಡ್ಡದ ಹಾಗೆ ಚೆಂದವಾಗಿತ್ತು. ಪೂರ್ತಿ ಮಾರ್ಕ್ಸೂ ಬಂತು.

ಕೋಡ್ ಸರಿಯಾಗೇ ಇತ್ತು. ಲ್ಯಾಮ್ಡಾ 4 ಆದ್ರೆ ಆ ಸಮೀಕರಣಕ್ಕೆ ಸೊಲ್ಯೂಷನ್ನೇ ಇಲ್ಲ. ಇಲ್ಲದ ವಸ್ತುವಿನ ಫೋಟೋ ತೋರಿಸಿ ಮಾರ್ಕ್ಸ್ ತಗೊಂಡಿದ್ದೆ!

'ಎಕ್ಸಿಸ್ಟೆನ್ಸ್ ಎಲ್ಲ ಎಂಎಸ್ಸಿ ಮ್ಯಾಥ್ಸ್‌ನವರಿಗೆ, ನಮಗ್ಯಾಕೆ?' ಅಂತ ಗೆಳೆಯರು ಕೇಳ್ತಾರೆ. ಆದ್ರೆ ಇದಕ್ಕೆ ಬೇಕಾಗಿರೋದು ನಾವು ಪಿಯುಸಿಯಲ್ಲಿ ಓದಿದ್ದಷ್ಟೇ. ಯು ಡಬಲ್ ಡ್ಯಾಶ್ ಇಲ್ಲಿ ಯಾವಾಗಲೂ ನೆಗೆಟಿವ್. ಅಂದ್ರೆ ಗ್ರಾಫ್ ಕಮಾನಿನ ಹಾಗೆ ಮೇಲಕ್ಕೆ ಬಾಗಿರತ್ತೆ. ಎರಡೂ ತುದಿ ಸೊನ್ನೆ, ಹಾಗಾಗಿ ನಡುವೆ ಯು ಪಾಸಿಟಿವ್ ಆಗಲೇಬೇಕು. ಈಗ ಸಮೀಕರಣವನ್ನ ಸೈನ್ ಪೈ ಎಕ್ಸ್‌ನಿಂದ ಗುಣಿಸಿ, 0ಯಿಂದ 1ರವರೆಗೆ ಎರಡು ಸಲ ಇಂಟಿಗ್ರೇಷನ್ ಬೈ ಪಾರ್ಟ್ಸ್ ಮಾಡಿ. ಯು ಇಂಟು ಸೈನ್ ಪೈ ಎಕ್ಸ್‌ನ ಇಂಟಿಗ್ರಲ್‌ನ ಪೈ ಸ್ಕ್ವೇರ್ ಪಟ್ಟು ಒಂದು ಕಡೆ, ಇ ಪವರ್ ಯು ಇಂಟು ಸೈನ್ ಪೈ ಎಕ್ಸ್‌ನ ಇಂಟಿಗ್ರಲ್‌ನ ಲ್ಯಾಮ್ಡಾ ಪಟ್ಟು ಇನ್ನೊಂದು ಕಡೆ. ಇ ಪವರ್ ಯು ಯಾವತ್ತೂ ಇ ಇಂಟು ಯುಗಿಂತ ಕಡಿಮೆ ಆಗಲ್ಲ. ಆ ಬದಲಾವಣೆ ಮಾಡಿದ್ರೆ ಎರಡೂ ಕಡೆ ಒಂದೇ ಇಂಟಿಗ್ರಲ್. ಯು ಪಾಸಿಟಿವ್ ಆದ್ದರಿಂದ ಅದನ್ನ ಹೊಡೆದುಹಾಕಬಹುದು. ಉಳಿಯೋದು: ಲ್ಯಾಮ್ಡಾ, ಪೈ ಸ್ಕ್ವೇರ್ ಬೈ ಇ ದಾಟೋ ಹಾಗಿಲ್ಲ. ಅಂದ್ರೆ ಸುಮಾರು 3.63. ನಿಜವಾದ ಗಡಿ ಇನ್ನೂ ಸ್ವಲ್ಪ ಕೆಳಗೆ, ಸುಮಾರು 3.51ರಲ್ಲಿದೆ. ಅರ್ಧ ಪುಟದ ಲೆಕ್ಕ, ನನ್ನ ಎರಡು ರಾತ್ರಿ ಉಳೀತಿತ್ತು.

'ಸೊಲ್ಯೂಷನ್ ಇಲ್ಲ' ಅನ್ನೋದು ಇಲ್ಲಿ ಬರೀ ಗಣಿತದ ಮಾತೂ ಅಲ್ಲ. 1930ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಫ್ರಾಂಕ್-ಕಾಮೆನೆಟ್‌ಸ್ಕಿ ಇದೇ ಸಮೀಕರಣ ಇಟ್ಟುಕೊಂಡು ಸ್ಫೋಟವನ್ನ ವಿವರಿಸಿದರು. ಯು ಅಂದ್ರೆ ಗೋಡೆಗಿಂತ ಒಳಗೆ ಎಷ್ಟು ಬಿಸಿ ಹೆಚ್ಚಿದೆ ಅನ್ನೋದು. ರಾಸಾಯನಿಕ ಕ್ರಿಯೆಯಿಂದ ಒಳಗೆ ಶಾಖ ಹುಟ್ಟತ್ತೆ, ಗೋಡೆಯಿಂದ ಹೊರಗೆ ಹೋಗತ್ತೆ. ದಪ್ಪ ಎರಡು ಪಟ್ಟಾದ್ರೆ ಲ್ಯಾಮ್ಡಾ ನಾಲ್ಕು ಪಟ್ಟು. ಗಡಿ ದಾಟಿದ್ರೆ ತೂಗಿ ನಿಲ್ಲೋ ಉಷ್ಣಾಂಶವೇ ಇಲ್ಲ, ಏರುತ್ತಲೇ ಹೋಗತ್ತೆ. ನನ್ನ ಓವರ್‌ಫ್ಲೋ ಹೇಳ್ತಿದ್ದಿದ್ದೂ ಅದನ್ನೇ. (ಸರಿಯಾಗಿ ಒಣಗದ ಹುಲ್ಲನ್ನ ದೊಡ್ಡ ಬಣವೆ ಒಟ್ಟಿದ್ರೆ ಒಳಗೇ ಕಾವೇರಿ ಹೊತ್ತಿಕೊಳ್ಳೋದೂ ಇದರ ನೆಂಟನೇ.)

ಗಡಿಯ ಕೆಳಗಿದ್ರೂ ನೆಮ್ಮದಿ ಇಲ್ಲ. ಲ್ಯಾಮ್ಡಾ 1 ಆದಾಗ ಎರಡು ಸೊಲ್ಯೂಷನ್, ಎರಡೂ ಪಾಸಿಟಿವ್. ಒಂದರ ಎತ್ತರ 0.14, ಇನ್ನೊಂದರದ್ದು 4.09. ಸ್ಥಿರವಾಗಿರೋದು ಚಿಕ್ಕದು ಮಾತ್ರ. ಸಾಲ್ವರ್ ಯಾವುದನ್ನ ಕೊಡತ್ತೆ ಅನ್ನೋದು ನೀವು ಕೊಟ್ಟ ಗೆಸ್ ಮೇಲೆ ಹೋಗತ್ತೆ.

ಕ್ಲಾಸಲ್ಲಿ ನಮಗೆ ಕೊಡೋ ಪ್ರಾಬ್ಲಮ್‌ಗಳಿಗೆಲ್ಲ ಉತ್ತರ ಇದ್ದೇ ಇರತ್ತೆ, ಅದೇ ಅಭ್ಯಾಸ ಆಗಿಬಿಟ್ಟಿದೆ. ಪೂರ್ತಿ ಥಿಯರಿ ಸಿಲಬಸ್‌ಗೆ ಹಾಕಿ ಅಂತ ನಾನು ಕೇಳ್ತಿಲ್ಲ, ಇರೋದೇ ಮುಗಿಯಲ್ಲ. ಲ್ಯಾಬ್ ರೆಕಾರ್ಡ್‌ನಲ್ಲಿ ಕೋಡ್‌ಗೆ ಮೊದಲು 'ಸೊಲ್ಯೂಷನ್ ಇದೆಯಾ, ಎಷ್ಟಿವೆ, ಪಾಸಿಟಿವ್ ಆಗಿರತ್ತಾ' ಅಂತ ಎರಡು ಸಾಲು ಬರೆಸಲಿ, ವೈವಾದಲ್ಲಿ ಅದನ್ನೂ ಕೇಳಲಿ. ನನ್ನನ್ನ ಕೇಳಿದ್ರೆ ಆ ಗುಡ್ಡದ ಗ್ರಾಫ್‌ನಿಂದಲೇ ಶುರು ಮಾಡ್ತೀನಿ.