ತೊಳೆದರೆ ಹೋಗದ ಕೊಳೆ

ಆಯುರ್ವೇದವು ವ್ಯಾಧಿಯ ಮೂಲವನ್ನು ರೋಗಿಯ ದೇಹದಲ್ಲಿ ಮಾತ್ರ ಹುಡುಕುವುದಿಲ್ಲ. ಚರಕ ಸಂಹಿತೆಯ ವಿಮಾನಸ್ಥಾನದಲ್ಲಿ ಜನಪದೋದ್ಧ್ವಂಸನೀಯವೆಂಬ ಅಧ್ಯಾಯವಿದೆ. ವಾಯು, ಜಲ, ದೇಶ, ಕಾಲಗಳು ಕೆಟ್ಟಾಗ ಭಿನ್ನ ಪ್ರಕೃತಿಯ ಜನರೂ ಏಕಕಾಲಕ್ಕೆ ರೋಗಕ್ಕೆ ತುತ್ತಾಗುತ್ತಾರೆ ಎಂಬುದು ಅದರ ತಿರುಳು. ಬಣ್ಣ, ವಾಸನೆ, ರುಚಿ ಕೆಟ್ಟು, ಜಲಪಕ್ಷಿಗಳೂ ತೊರೆದುಹೋದ ನೀರನ್ನು ದುಷ್ಟವೆಂದು ಆಚಾರ್ಯರು ಗುರುತಿಸಿದ್ದಾರೆ. ಅಂಥ ನೀರನ್ನು ನಾವಾರೂ ಕುಡಿಯುವುದಿಲ್ಲ. ಅದೇ ನೀರು ಸೊಪ್ಪಿನ ಮಡಿಗೆ ಹರಿದು, ಕೊತ್ತಂಬರಿ, ಮೂಲಂಗಿ, ಸೌತೆಕಾಯಿಯಾಗಿ ಊಟದ ಎಲೆಗೆ ಬಂದಾಗ ಮಾತ್ರ ಗುರುತು ಹಿಡಿಯಲಾರೆವು.

ಉಬ್ರಾಣಿ ಸೀಮೆಗೆ ಇದು ದೂರದ ಮಾತಲ್ಲ. ಉಬ್ರಾಣಿ–ಅಮೃತಾಪುರ ಏತ ನೀರಾವರಿ ಯೋಜನೆಯಿಂದ ಇಲ್ಲಿನ ಕೆರೆಗಳು ಭದ್ರೆಯ ನೀರು ಕಂಡಿವೆ. ಜಗಳೂರು ಸೀಮೆಯ 57 ಕೆರೆಗಳನ್ನು ತುಂಗಭದ್ರೆಯಿಂದ ತುಂಬಿಸುವ ಯೋಜನೆ ರೂಪುಗೊಂಡಿದೆ. ಹೊನ್ನಾಳಿಯ ತೀರದ ಹೊಲಗಳಿಗೆ ಆ ನದಿಯೇ ಆಸರೆ. ಬರದ ನಾಡಿಗೆ ನದಿ ಬಂದದ್ದು ಪುಣ್ಯವೇ ಸರಿ. ಆದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ಗುರುತಿಸಿದ ದೇಶದ 351 ಕಲುಷಿತ ನದೀಭಾಗಗಳಲ್ಲಿ ಕರ್ನಾಟಕದವು 17. ಭದ್ರಾವತಿ–ಹೊಳೆಹೊನ್ನೂರು ನಡುವಣ ಭದ್ರೆ, ಶಿವಮೊಗ್ಗದಿಂದ ಕೂಡಲಿಯವರೆಗಿನ ತುಂಗೆ, ಹರಿಹರದಿಂದ ಕೆಳಗಿನ ತುಂಗಭದ್ರೆ ಆ ಪಟ್ಟಿಯಲ್ಲಿವೆ. ಕೆರೆಗೆ ಬಂದ ನೀರೆಲ್ಲ ವಿಷವೆಂದು ಇದರಿಂದ ಭಾವಿಸಬಾರದು. ಮಳೆಗಾಲದ ತುಂಬು ಹೊಳೆಯೂ ಬೇಸಿಗೆಯ ಸೊರಗಿದ ಹೊಳೆಯೂ ಒಂದೇ ಅಲ್ಲ. ನೀರಿನ ಪ್ರಮಾಣವನ್ನು ಅಳೆಯುವವರು ಅದರ ಗುಣವನ್ನೂ ಅಳೆದು ಹೇಳಬೇಕೆಂಬುದಷ್ಟೇ ನನ್ನ ವಾದ.

ಹೊಲಸು ನೀರಿನಿಂದ ಬೆಳೆಗೆ ಬರುವ ದೋಷ ಎರಡು ಬಗೆಯದು. ಮೊದಲನೆಯದು ಮೇಲೆ ಅಂಟುವಂಥದು: ಚರಂಡಿಯ ರೋಗಾಣುಗಳು, ಜಂತುಹುಳುವಿನ ಮೊಟ್ಟೆಗಳು. ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆಗಳಿಗೆ ಇದು ದಾರಿ. ಹಸಿಯಾಗಿ ತಿನ್ನುವ ಬೆಳೆಗೆ ಹಾಯಿಸುವ ಮರುಬಳಕೆಯ ಚರಂಡಿ ನೀರಿನ ಪ್ರತಿ 100 ಮಿಲಿಲೀಟರಿನಲ್ಲಿ ಮಲಮೂಲದ ಕೋಲಿಫಾರ್ಮ್ ಅಣುಜೀವಿಗಳು ಸಾವಿರವನ್ನು, ಲೀಟರಿಗೆ ಜಂತುವಿನ ಮೊಟ್ಟೆ ಒಂದನ್ನು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 1989ರಲ್ಲೇ ಮಿತಿ ಸೂಚಿಸಿತ್ತು. ಹರಿಯುವ ಶುದ್ಧ ನೀರಿನಲ್ಲಿ ಉಜ್ಜಿ ತೊಳೆಯುವುದು, ಸಿಪ್ಪೆ ತೆಗೆಯುವುದು, ಚೆನ್ನಾಗಿ ಬೇಯಿಸುವುದು ಈ ದೋಷಕ್ಕೆ ಪರಿಹಾರ. ಉಪ್ಪುನೀರಿನಲ್ಲಿ ಅದ್ದಿದ ಮಾತ್ರಕ್ಕೆ ಎಲ್ಲ ರೋಗಾಣುಗಳೂ ಸಾಯುವುದಿಲ್ಲ.

ಎರಡನೆಯದು ಒಳಗೆ ಸೇರುವಂಥದು. ಕಾರ್ಖಾನೆಗಳ ತ್ಯಾಜ್ಯದಲ್ಲಿರುವ ಕ್ಯಾಡ್ಮಿಯಂ, ಸೀಸದಂತಹ ಲೋಹಗಳು ಮಣ್ಣಿನಲ್ಲಿ ನೆಲೆಸುತ್ತವೆ. ಬೇರು ಅವನ್ನು ಹೀರುತ್ತದೆ. ಕ್ಯಾಡ್ಮಿಯಂ ಸೊಪ್ಪಿನಲ್ಲಿ ಹೆಚ್ಚು ಸೇರುತ್ತದೆ, ಟೊಮೆಟೊದಂತಹ ಕಾಯಿಗಳಲ್ಲಿ ಕಡಿಮೆ. ಇದು ತೊಳೆದರೂ ಹೋಗದು, ಕುದಿಸಿದರೂ ಹೋಗದು. ಕ್ಯಾಡ್ಮಿಯಂ ಮೂತ್ರಪಿಂಡವನ್ನೂ ಎಲುಬನ್ನೂ ಕೆಡಿಸಿದರೆ, ಸೀಸ ಮಕ್ಕಳ ಬುದ್ಧಿಯ ಬೆಳವಣಿಗೆಗೇ ಕುತ್ತು. ತಕ್ಷಣ ಕೊಲ್ಲದೆ ವರ್ಷಗಟ್ಟಲೆ ದೇಹದಲ್ಲಿ ಅಡಗಿದ್ದು ಕಾಡುವ ವಿಷವನ್ನು ಸುಶ್ರುತ ಸಂಹಿತೆಯ ಕಲ್ಪಸ್ಥಾನ ದೂಷೀವಿಷವೆಂದು ಕರೆಯುತ್ತದೆ. ಈ ಲೋಹಗಳ ವರ್ತನೆಗೆ ಇದಕ್ಕಿಂತ ಒಪ್ಪುವ ಹೆಸರಿಲ್ಲ. ಬೆಂಗಳೂರಿನ ಹೊಲಸನ್ನು ಹೊತ್ತ ವೃಷಭಾವತಿ ಬಿಡದಿ ಸಮೀಪದ ಬೈರಮಂಗಲ ಕೆರೆಯನ್ನು ಏನು ಮಾಡಿತೆಂಬುದು ಕಣ್ಣೆದುರಿಗಿದೆ. ಆ ಸ್ಥಿತಿ ಬಂದ ಮೇಲೆ ಅಡುಗೆಮನೆಯ ಎಚ್ಚರ ಸಾಲದು.

ಆದ್ದರಿಂದ ನಮ್ಮ ಪ್ರಯತ್ನ ಎರಡು ಕಡೆ ನಡೆಯಬೇಕು. ಮೊದಲನೆಯದು ಹೊಲದಲ್ಲಿ. ತರಕಾರಿಗೆ ಹನಿ ನೀರಾವರಿ ಲೇಸು. ನೀರು ಎಲೆಗೆ ತಾಗದೆ ಬುಡಕ್ಕಿಳಿಯುತ್ತದೆ. ನೀರಿನ ಬಗ್ಗೆ ಸಂದೇಹವಿದ್ದರೆ ಕೊಯ್ಲಿಗೆ ಕೆಲವು ದಿನ ಮುಂಚೆ ಹಾಯಿಸುವುದನ್ನು ನಿಲ್ಲಿಸಬೇಕು. ಬಿಸಿಲು ರೋಗಾಣುಗಳನ್ನು ತಗ್ಗಿಸುತ್ತದೆ. ಎರಡನೆಯದು ಗ್ರಾಮಸಭೆಯಲ್ಲಿ. ಕೆರೆ ತುಂಬಿದಾಗ ಬಾಗಿನ ಅರ್ಪಿಸುವ ನಾವು, ಅದೇ ಶ್ರದ್ಧೆಯಿಂದ ನೀರಿನ ಪರೀಕ್ಷೆಯನ್ನೂ ಕೇಳಬೇಕು. ವರ್ಷಕ್ಕೆ ಎರಡು ಬಾರಿಯಾದರೂ, ಅದರಲ್ಲೊಮ್ಮೆ ಬೇಸಿಗೆಯಲ್ಲಿ, ಕೆರೆನೀರನ್ನು ಪರೀಕ್ಷಿಸಿ ಫಲಿತಾಂಶವನ್ನು ಪಂಚಾಯಿತಿಯ ಫಲಕದಲ್ಲಿ ಬರೆಯಲಿ. ಮೇಲ್ದಂಡೆಯ ಪಟ್ಟಣಗಳು ಚರಂಡಿ ನೀರನ್ನು ಶುದ್ಧೀಕರಿಸದೆ ಹೊಳೆಗೆ ಬಿಡಬಾರದೆಂದು ನಾವೆಲ್ಲ ಒಂದೇ ದನಿಯಲ್ಲಿ ಕೇಳಬೇಕು. ಕೊಳೆ ಸೇರುವಲ್ಲಿಯೇ ಅದನ್ನು ತಡೆಯಬೇಕಲ್ಲದೆ, ಬೆಳೆದ ರೈತನನ್ನು ದೂರುವುದು ನ್ಯಾಯವಲ್ಲ.

ದಾಸೋಹಕ್ಕೆ ಭಕ್ತರು ತಲೆಯ ಮೇಲೆ ಹೊತ್ತು ತರುವ ತರಕಾರಿ ಅವರ ಕಾಯಕದ ಫಲ. ಅದು ಉಣ್ಣುವವರಿಗೆ ಪ್ರಸಾದವಾಗಬೇಕಾದರೆ, ಅದನ್ನು ಬೆಳೆಸಿದ ನೀರೂ ನಿರ್ಮಲವಾಗಿರಬೇಕು.