ಒಲೆಯ ಕಾವು ಮತ್ತು ಮನೆಯ ಕನ್ನಡ

ಅಡುಗೆಯ ವಿಷಯವನ್ನು ಅಭಿಪ್ರಾಯದ ಪುಟಕ್ಕೆ ತರುವುದೇಕೆ ಎಂದು ಕೆಲವರು ಕೇಳಬಹುದು. ಭಾಷಾ ಅಲ್ಪಸಂಖ್ಯಾತರ ಮನೆಯಲ್ಲಿ ಅಡುಗೆಯೂ ಭಾಷೆಯ ಪ್ರಶ್ನೆಯೇ ಎಂಬುದು ನಮ್ಮ ಉತ್ತರ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಚೇರಿಯಲ್ಲಿ ಮಲಯಾಳವನ್ನೇ ಕೇಳುವ ನಮ್ಮ ಮಕ್ಕಳಿಗೆ ಕನ್ನಡ ದೊರೆಯುವುದು ಶಾಲೆಯಲ್ಲಿ ಮತ್ತು ಮನೆಯಲ್ಲಿ. ಶಾಲೆಯೂ ಕನ್ನಡದ್ದಲ್ಲವಾದರೆ ಮನೆಯೊಂದೇ ಗತಿ. ದಿನವಿಡೀ ಬೀಡಿ ಕಟ್ಟಿಯೋ ಹೊಲಿಗೆ ಮಾಡಿಯೋ ಕಚೇರಿಯಲ್ಲಿ ದುಡಿದೋ ಬಂದ ತಾಯಿ ಸಂಜೆಯ ಎರಡು ಗಂಟೆಗಳನ್ನು ಒಲೆಯ ಮುಂದೆಯೇ ಕಳೆದರೆ, ಮಗುವಿನೊಡನೆ ಪುಸ್ತಕ ಹಿಡಿದು ಕೂರುವವರು ಯಾರು?

ಈ ಕಷ್ಟ ನಮ್ಮದು ಮಾತ್ರವಲ್ಲ. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಅದೇ ದಿನ ಹೈದರಾಬಾದ್ ರಾಜ್ಯದ ಬೀದರ್ ಜಿಲ್ಲೆಯಲ್ಲಿದ್ದ ನಿಲಂಗಾ, ಉದಗೀರ ತಾಲೂಕುಗಳೂ ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾವೂ ಮುಂಬಯಿ ರಾಜ್ಯಕ್ಕೆ ಹೋದವು. 1960ರಿಂದ ಅವು ಮಹಾರಾಷ್ಟ್ರದಲ್ಲಿವೆ. ಅಲ್ಲಿಯ ಕನ್ನಡ ಮನೆಗಳದ್ದೂ ನಮ್ಮದೇ ಸ್ಥಿತಿ. ಹೊರಗೆ ಮರಾಠಿ, ಒಳಗೆ ಕನ್ನಡ. ಹೊಲದ ಕೆಲಸ ಮುಗಿಸಿ ಬಂದ ಹೆಂಗಸರಿಗೆ ಬಿಡುವು ಅಲ್ಲಿಯೂ ಇಲ್ಲ.

ಆದರೆ ಆ ಸೀಮೆಯ ಒಂದು ಹಬ್ಬದಿಂದ ನಾವು ಕಲಿಯುವಂಥದ್ದಿದೆ. ಮಾರ್ಗಶಿರದ ಅಮಾವಾಸ್ಯೆಯಂದು ಲಾತೂರು, ಉಸ್ಮಾನಾಬಾದ್ (ಇಂದಿನ ಧಾರಾಶಿವ) ಜಿಲ್ಲೆಗಳಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಮರಾಠಿಗರು ಇದನ್ನು ‘ಯೇಳವಸ’ ಎನ್ನುತ್ತಾರೆ. ಇದು ನಮ್ಮ ಎಳ್ಳಮಾವಾಸ್ಯೆಯ ರೂಪವೆಂದು ಅವರೇ ಹೇಳುತ್ತಾರೆ. ಜೋಳದ ಹಿಟ್ಟನ್ನು ಮಜ್ಜಿಗೆಯಲ್ಲಿ ಕಲಸಿ, ಹುಳಿ ಬರಲು ಬಿಟ್ಟು ಅಂಬಲಿ ಮಾಡುತ್ತಾರೆ. ಹಸಿ ತೊಗರಿ, ಕಡಲೆ, ಅವರೆ ಮೊದಲಾದ ಕಾಳುಗಳನ್ನೂ ಸೊಪ್ಪು ತರಕಾರಿಗಳನ್ನೂ ಒಟ್ಟಿಗೆ ಬೇಯಿಸಿ, ಕಡಲೆಹಿಟ್ಟು ಹಾಕಿ ಭಜ್ಜಿ ಮಾಡುತ್ತಾರೆ. ಸಿದ್ಧತೆಯೆಲ್ಲ ಹಿಂದಿನ ದಿನವೇ ಆರಂಭ. ಅಂಬಲಿಯ ಮಡಕೆ ತಲೆಯ ಮೇಲೇರಿ ಹೊಲ ಸೇರಿದ ಮೇಲೆ ಉಣ್ಣುವುದು, ಬಂದವರಿಗೆ ಬಡಿಸುವುದು, ಮಾತಾಡುವುದು ಅಷ್ಟೇ. ರಾಜ್ಯ ಬದಲಾದರೂ ಅಡುಗೆಯ ಜತೆಗೆ ಆ ಕನ್ನಡದ ಮಾತು ಉಳಿದುಬಂದಿರುವುದನ್ನು ಗಮನಿಸಬೇಕು.

ಮುಂಚಿತವಾದ ಸಿದ್ಧತೆ ಮತ್ತು ಸಾವಕಾಶವಾದ ಕಾವು, ಇವೆರಡು ನಮ್ಮ ಹಿರಿಯರಿಗೂ ತಿಳಿದಿದ್ದವು. ರಾತ್ರಿ ಹುರುಳಿ ನೆನೆಹಾಕಿ, ಬೂದಿ ಮುಚ್ಚಿದ ಕೆಂಡದ ಮೇಲೆ ಗಂಜಿಯ ಮಡಕೆ ಇಟ್ಟು ಗದ್ದೆಗೆ ಹೋಗುತ್ತಿದ್ದರು. ಗ್ಯಾಸು ಬಂದ ಮೇಲೆ ಕೆಂಡ ಹೋಯಿತು; ಪ್ರೆಷರ್ ಕುಕ್ಕರಿನ ಸೀಟಿ ಎಣಿಸಲು ಒಬ್ಬರು ಕಾದಿರಬೇಕಾಯಿತು. ಇದೇ ಹಳೆಯ ಉಪಾಯವನ್ನು ಅಮೆರಿಕದವರು ಯಂತ್ರವಾಗಿಸಿ ಮಾರಿದರು. ಯೆಹೂದ್ಯರು ಸಬ್ಬತ್ತಿನ ದಿನ ಬೆಂಕಿ ಹಚ್ಚುವಂತಿಲ್ಲವಾದ್ದರಿಂದ ಕಾಳಿನ ಪಾತ್ರೆಯನ್ನು ಹಿಂದಿನ ಸಂಜೆಯೇ ಬೇಕರಿಯ ಒಲೆಯಲ್ಲಿಡುತ್ತಿದ್ದರು. ತಾಯಿಯ ಕಡೆಯಿಂದ ಇದನ್ನು ಕೇಳಿದ್ದ ಇರ್ವಿಂಗ್ ನ್ಯಾಕ್ಸನ್ ಎಂಬವರು ವಿದ್ಯುತ್ ಪಾತ್ರೆಯೊಂದನ್ನು ರೂಪಿಸಿ 1940ರಲ್ಲಿ ಪೇಟೆಂಟ್ ಪಡೆದರು. 1971ರಲ್ಲಿ ಅದು ‘ಕ್ರಾಕ್‌ಪಾಟ್’ ಎಂಬ ಹೆಸರಿನಲ್ಲಿ ಪೇಟೆಗೆ ಬಂತು.

ಅಷ್ಟು ದೂರದ ಯಂತ್ರ ನಮಗೆ ಬೇಕಿಲ್ಲ. ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಪ್ರಚಾರಕ್ಕೆ ತಂದ ‘ಚೂಡಾರಾಪೆಟ್ಟಿ’ಯನ್ನು, ಅಂದರೆ ಬಿಸಿ ಆರದ ಪೆಟ್ಟಿಗೆಯನ್ನು, ನಮ್ಮಲ್ಲಿ ಬಹಳ ಮಂದಿ ಕಂಡಿದ್ದಾರೆ. ಅದರ ತತ್ತ್ವ ಸರಳ. ತೆರೆದ ಪಾತ್ರೆಯಲ್ಲಿ ನೀರು ಕುದಿಯತೊಡಗಿದ ಮೇಲೆ ಎಷ್ಟು ಉರಿ ಹಾಕಿದರೂ ಬಿಸಿ ಹೆಚ್ಚದು, ಆವಿ ಮಾತ್ರ ಹೆಚ್ಚುತ್ತದೆ. ಅಕ್ಕಿಗೂ ಬೇಳೆಗೂ ಬೇಕಾದುದು ಆ ಬಿಸಿಯಲ್ಲಿ ಒಂದಿಷ್ಟು ಹೊತ್ತು ಇರುವುದು. ಕುಚ್ಚಲಕ್ಕಿಯನ್ನು ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಬಿಗಿಯಾಗಿ ಮುಚ್ಚಿ ಪೆಟ್ಟಿಗೆಯಲ್ಲಿಟ್ಟರೆ ಒಂದೂವರೆ ಎರಡು ಗಂಟೆಯಲ್ಲಿ ಅನ್ನವಾಗುತ್ತದೆ. ಪೆಟ್ಟಿಗೆ ಕೊಳ್ಳಲಾಗದವರು ಬುಟ್ಟಿಯಲ್ಲಿ ಒಣಹುಲ್ಲು ಒತ್ತಿ ತುಂಬಿ, ನಡುವೆ ಪಾತ್ರೆಯಿಟ್ಟು, ಹಳೆಯ ಕಂಬಳಿ ಹೊದೆಸಿದರೂ ಸಾಕು.

ತೊಗರಿಬೇಳೆಯನ್ನು ಅರ್ಧ ಗಂಟೆ ನೆನೆಸಿ, ಸೊಪ್ಪು, ನೀರುಳ್ಳಿ, ಅರಸಿನ ಸೇರಿಸಿ ಹೀಗೆಯೇ ಕುದಿಸಿ ಇಡಬಹುದು. ಹುಣಿಸೆಹುಳಿಯನ್ನು ಮೊದಲೇ ಹಾಕಬಾರದು. ಹುಳಿ ಬಿದ್ದರೆ ಬೇಳೆ ಬೇಗ ಮೆತ್ತಗಾಗದು. ಪಾತ್ರೆ ಮುಕ್ಕಾಲಾದರೂ ತುಂಬಿರಬೇಕು. ನಡುವೆ ಮುಚ್ಚಳ ತೆರೆಯಬಾರದು. ಉಣ್ಣುವ ಮೊದಲು ಒಮ್ಮೆ ಕುದಿಸಿಕೊಳ್ಳಬೇಕು. ಉಗುರುಬೆಚ್ಚಗಾಗಿ ಬಹಳ ಹೊತ್ತು ಉಳಿದ ಅನ್ನ ಸಾರು ಕೆಡುತ್ತದೆ. ರಾಜ್ಮಾ ಕಾಳಿಗೆ ಮಂದ ಕಾವು ಸಲ್ಲದು. ಅದನ್ನು ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಉರಿಯ ಮೇಲೆ ಚೆನ್ನಾಗಿ ಕುದಿಸಿ ಬೇಯಿಸದಿದ್ದರೆ ಅದರಲ್ಲಿರುವ ವಿಷಾಂಶ ಹೊಟ್ಟೆ ಕೆಡಿಸುತ್ತದೆ.

ಇನ್ನೊಂದು ಮಾತನ್ನು ಅಧ್ಯಾಪಕರಾದ ನಾವು ಹೇಳಲೇಬೇಕು. ಬೆಳಗ್ಗೆ ತಡವಾಗಿ ಬಂದ ಹುಡುಗಿಯನ್ನು ಕಾರಣ ಕೇಳಿದರೆ ‘ಅಡುಗೆ ಆಗಲಿಲ್ಲ’ ಎನ್ನುತ್ತಾಳೆ. ಹುಡುಗರ ಬಾಯಲ್ಲಿ ಈ ಕಾರಣವನ್ನು ನಾವು ಕೇಳಿದ್ದಿಲ್ಲ. ರಾತ್ರಿ ಕಾಳು ನೆನೆಹಾಕುವುದಕ್ಕೆ, ಕುದಿದ ಪಾತ್ರೆಯನ್ನು ಪೆಟ್ಟಿಗೆಯಲ್ಲಿಡುವುದಕ್ಕೆ ಹೆಣ್ಣಿನ ಕೈಯೇ ಬೇಕೆಂದಿಲ್ಲ. ಈ ಕೆಲಸವನ್ನು ಮನೆಯ ಗಂಡಸರೂ ಗಂಡುಮಕ್ಕಳೂ ವಹಿಸಿಕೊಳ್ಳಬೇಕು. ಇಲ್ಲವಾದರೆ ಉಳಿದ ಹೊತ್ತಿಗೆ ತಾಯಿಯ ಮೇಲೆ ಬೇರೊಂದು ಕೆಲಸ ಬೀಳುವುದು ಖಂಡಿತ.

ಕನ್ನಡ ಉಳಿಯಬೇಕೆಂದು ನಾವು ಮನವಿ ಬರೆಯುತ್ತೇವೆ, ಸಭೆ ಸೇರುತ್ತೇವೆ. ಅವೆಲ್ಲ ಬೇಕು. ಅದರೊಂದಿಗೆ ಪ್ರತಿ ಮನೆಯಲ್ಲಿ ದಿನಕ್ಕೆ ಒಂದು ಗಂಟೆ ಕನ್ನಡಕ್ಕೆ ಮೀಸಲಾಗಬೇಕು. ಅನ್ನ ಪೆಟ್ಟಿಗೆಯೊಳಗೆ ತಾನಾಗಿ ಬೇಯುವ ಆ ಹೊತ್ತಿನಲ್ಲಿ ತಂದೆಯೋ ತಾಯಿಯೋ ಮಗುವಿನ ಪಕ್ಕದಲ್ಲಿ ಕುಳಿತು ಒಂದು ಪುಟ ಓದಿಸಲಿ, ಒಂದು ಕತೆ ಹೇಳಲಿ. ಈ ವಾರದಿಂದಲೇ ಆರಂಭಿಸಬಹುದು.