‘ವರೆಗೆ’ ಎಂಬ ಪದದ ವಿಚಾರ

ಸಂಸ್ಕೃತ ವ್ಯಾಕರಣವನ್ನು ಸ್ವಲ್ಪವಾದರೂ ಓದಿದ ವಾಚಕರಿಗೆ ‘ಆಙ್’ ಎಂಬ ಅವ್ಯಯದ ನೆನಪಿರಬಹುದು. ಕನ್ನಡದಲ್ಲಿ ನಾವು ‘ವರೆಗೆ’ ಎಂದು ಹೇಳುವುದನ್ನು ಅದು ಹೇಳುತ್ತದೆ. ಪಾಣಿನಿಯು ಅದಕ್ಕೆ ಮರ್ಯಾದೆ, ಅಭಿವಿಧಿ ಎಂದು ಎರಡು ಅರ್ಥಗಳನ್ನು ಕೊಟ್ಟಿದ್ದಾನೆ. ಪಾಟಲಿಪುತ್ರದವರೆಗೆ ಮಳೆಯಾಯಿತೆಂದು ಯಾರಾದರೂ ಹೇಳಿದರೆ, ಮಳೆಯು ಆ ಪಟ್ಟಣದ ಹೊರಬಾಗಿಲಲ್ಲಿಯೇ ನಿಂತಿತೋ, ಪಟ್ಟಣವೂ ನೆನೆಯಿತೋ ಎಂಬ ಸಂದೇಹವುಂಟಾಗುವುದು ಸಹಜ. ಪಟ್ಟಣವನ್ನು ಬಿಟ್ಟರೆ ಮರ್ಯಾದೆ, ಸೇರಿಸಿಕೊಂಡರೆ ಅಭಿವಿಧಿ. ವೈಯಾಕರಣರ ಚರ್ಚೆಯೆಲ್ಲವೂ ಆ ಒಂದು ಪಟ್ಟಣವನ್ನು ಕುರಿತದ್ದು. ಅದಕ್ಕೆ ಈಚಿನ ದಾರಿಯುದ್ದಕ್ಕೂ ಮಳೆಯಾಯಿತೆಂಬ ವಿಷಯದಲ್ಲಿ ಅವರಲ್ಲಿ ಯಾರಿಗೂ ಸಂಶಯವಿರಲಿಲ್ಲ.

ನಮ್ಮ ಕಾಲದ ಬ್ರಾಡ್‌ಬ್ಯಾಂಡ್ ಕಂಪೆನಿಗಳು ಈ ಪದಕ್ಕೆ ಮೂರನೆಯದೊಂದು ಅರ್ಥವನ್ನು ಕಂಡುಹಿಡಿದಿವೆ. ‘200 ಎಂಬಿಪಿಎಸ್‌ವರೆಗೆ ವೇಗ’ ಎಂದು ಅವರ ಜಾಹೀರಾತಿನಲ್ಲಿರುತ್ತದೆ. ಇದರಲ್ಲಿ 200 ಎಂಬುದು ದಪ್ಪ ಅಕ್ಷರ. ‘ವರೆಗೆ’ ಎಂಬುದು ಕನ್ನಡಕವನ್ನು ಒರಸಿಕೊಂಡು ಓದಬೇಕಾದ ಅಕ್ಷರ. ಮಳೆಯು ಪಾಟಲಿಪುತ್ರವನ್ನು ಮುಟ್ಟಲಿ, ಬಿಡಲಿ, ಹೊರಟ ಊರಿನಲ್ಲಿಯೇ ನಾಲ್ಕು ಹನಿ ಉದುರಿ ನಿಂತುಹೋಗಲಿ, ಕಂಪೆನಿಯ ಮಾತು ಮಾತ್ರ ಸುಳ್ಳಾಗುವುದಿಲ್ಲ. ಮೇಲ್ಗಡೆಗೆ ಗಡಿಯುಂಟು, ಕೆಳಗಡೆಗೆ ಗಡಿಯಿಲ್ಲ. ಹಣವನ್ನು ಕೊಡುವ ಗೃಹಸ್ಥನಿಗಾದರೋ ‘999 ರೂಪಾಯಿಯವರೆಗೆ’ ಕೊಡುತ್ತೇನೆಂದು ಹೇಳುವ ಸ್ವಾತಂತ್ರ್ಯವಿಲ್ಲ.

ಇದು ಹಣವಂತರ ವಿನೋದಕ್ಕೆ ಸಂಬಂಧಿಸಿದ ವಿಷಯವೆಂದು ಕೆಲವರು ಭಾವಿಸಬಹುದು. 1995ನೆಯ ಇಸವಿ ಆಗಸ್ಟ್ 15ರಂದು ನಮ್ಮ ದೇಶದಲ್ಲಿ ಅಂತರ್ಜಾಲವು ಸಾರ್ವಜನಿಕರಿಗೆ ಮೊದಲು ದೊರೆತಾಗ, ದೂರವಾಣಿಯ ತಂತಿಯ ಮೇಲೆ ಸೆಕೆಂಡಿಗೆ 9.6 ಕಿಲೋಬಿಟ್ಟಿನ ವೇಗದಲ್ಲಿ ಅದು ತೆವಳುತ್ತಿದ್ದ ಕಾಲದಲ್ಲಿ, ಆ ಮಾತು ಸರಿಯಾಗಿತ್ತು. ಈಗ ಹಾಗಿಲ್ಲ. ಮಕ್ಕಳ ಪಾಠ, ಮನೆಯಲ್ಲಿಯೇ ಕುಳಿತು ಮಾಡುವ ಉದ್ಯೋಗ, ವೈದ್ಯರೊಡನೆ ಸಮಾಲೋಚನೆ, ಪಿಂಚಣಿಯ ಜೀವಂತ ಪ್ರಮಾಣಪತ್ರ, ಇವೆಲ್ಲವೂ ಆ ಒಂದು ಎಳೆಯನ್ನು ನಂಬಿಕೊಂಡಿವೆ. ನಮ್ಮ ನೆರೆಮನೆಯಲ್ಲಿ ವಿಧವೆಯಾದ ಒಬ್ಬ ಹಿರಿಯ ಹೆಂಗಸಿದ್ದಾರೆ. ಅವರ ಒಬ್ಬನೇ ಮಗನು ಸಮುದ್ರದಾಚೆ ಇದ್ದಾನೆ. ಅವನು ಕೆಲಸಕ್ಕೆ ಹೊರಡುವ ಮುನ್ನ ಬಿಡುವಾಗುವುದು ನಮ್ಮಲ್ಲಿ ರಾತ್ರಿ ಒಂಬತ್ತರ ಸುಮಾರಿಗೆ. ಸರಿಯಾಗಿ ಆಗಲೇ ಅವನ ಮುಖವು ಅರೆಬಾಯಿ ತೆರೆದಂತೆ ಪಟದಲ್ಲಿ ನಿಂತುಬಿಡುತ್ತದೆ. ಆ ತಾಯಿಯು ಮಗನ ಮಾತನ್ನು ಕೇಳಲೆಂದೇ ತನ್ನ ಕುಟುಂಬ ಪಿಂಚಣಿಯಿಂದ ಹೆಚ್ಚಿನ ಹಣವನ್ನು ತೆತ್ತು ಮೇಲಿನ ದರ್ಜೆಗೆ ಏರಿದವರು. ಇದನ್ನು ವಿನೋದವೆನ್ನುವುದು ಹೇಗೆ?

ನಮ್ಮ ಮನೆಯ ಅನುಭವವೂ ಇದಕ್ಕಿಂತ ಬೇರೆಯಲ್ಲ. ಕಳೆದ ಕಾರ್ತಿಕ ಮಾಸದಲ್ಲಿ ಕಂಪೆನಿಯವರು ತಾವಾಗಿಯೇ ದೂರವಾಣಿಯಲ್ಲಿ ಕರೆದು, ನಮ್ಮ 50 ಎಂಬಿಪಿಎಸ್ ಸಂಪರ್ಕವನ್ನು 200ಕ್ಕೆ ಏರಿಸಿಕೊಳ್ಳಬೇಕೆಂದು ಉಪದೇಶಿಸಿದರು. ತಿಂಗಳಿಗೆ 999 ರೂಪಾಯಿ; ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ. ಆರು ತಿಂಗಳ ಹಣವೆಂದು 7,073 ರೂಪಾಯಿಗಳನ್ನು ಮುಂಗಡವಾಗಿ ತೆಗೆದುಕೊಂಡರು. ಸೊಸೆಯು ಹೊರದೇಶದ ಸಂಸ್ಥೆಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುವವಳು. ರಾತ್ರಿ ಎಂಟರಿಂದ ಹತ್ತರವರೆಗೆ ಅವಳ ಸಭೆಗಳು ನಡೆಯುತ್ತವೆ. ಹದಿನೈದು ದಿನ ಕಳೆದ ಮೇಲೆ ಅವಳು, “ಮಾವ, ನನ್ನ ಮಾತು ಅವರಿಗೆ ಈಗಲೂ ತುಂಡುತುಂಡಾಗಿಯೇ ಕೇಳಿಸುತ್ತದಂತೆ. ಮೇಲಿನವರು ಬರವಣಿಗೆಯಲ್ಲಿ ಎಚ್ಚರಿಕೆ ಕೊಟ್ಟಿದ್ದಾರೆ” ಎಂದಳು. ಅಂದಿನಿಂದ ನಾವು ಒಂದು ನೂರು ಪುಟದ ಪುಸ್ತಕವನ್ನು ತಂದು, ದಿನಕ್ಕೆ ಮೂರು ಸಲ ವೇಗವನ್ನು ಅಳೆದು ಬರೆಯತೊಡಗಿದೆವು. ಹಗಲು 94, ರಾತ್ರಿ ಒಂಬತ್ತಕ್ಕೆ 31, 28, 36. ಇನ್ನೂರು ಎಂಬ ಅಂಕಿಯು ಒಂದು ದಿನವೂ ಕಾಣಲಿಲ್ಲ. ಅಂಗೈಯಲ್ಲಿ ಅರಮನೆಯನ್ನು ತೋರಿಸಿದಂತಾಯಿತು.

ಇಲ್ಲಿ ನಮ್ಮ ಸೋದರಿಯರಿಗೂ ಹಿರಿಯರಿಗೂ ಅಳತೆಯ ವಿಷಯವಾಗಿ ಎರಡು ಮಾತುಗಳನ್ನು ಹೇಳುವುದು ಆವಶ್ಯಕ. ಏಕೆಂದರೆ ಕಂಪೆನಿಯದಲ್ಲದ ತಪ್ಪನ್ನು ಕಂಪೆನಿಯ ಮೇಲೆ ಹೊರಿಸಿದರೆ ನಮ್ಮ ಮೊಕದ್ದಮೆಯೇ ದುರ್ಬಲವಾಗುತ್ತದೆ. ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂದು. ಚಿತ್ರ, ಪುಸ್ತಕ ಮೊದಲಾದವುಗಳ ಗಾತ್ರವನ್ನು ಹೇಳುವುದಾದರೋ ಮೆಗಾಬೈಟುಗಳಲ್ಲಿ. ಎಂಟು ಬಿಟ್ಟುಗಳು ಸೇರಿ ಒಂದು ಬೈಟು. ಆದಕಾರಣ 200 ಎಂಬಿಪಿಎಸ್ ಪೂರ್ಣವಾಗಿ ಬಂದರೂ ಸೆಕೆಂಡಿಗೆ 25 ಮೆಗಾಬೈಟು ಮಾತ್ರ ಇಳಿಯುತ್ತದೆ. ಇದನ್ನು ಕಂಡು ಮೋಸವಾಯಿತೆಂದು ಕೂಗಿದರೆ, ಪಾವಿನಲ್ಲಿ ಅಳೆದು ಸೇರಿನ ಲೆಕ್ಕವನ್ನು ಕೇಳಿದಂತೆ.

ಎರಡನೆಯದು ವೈಫೈ. ತಂತಿಯಿಲ್ಲದೆ ಮನೆಯೊಳಗೆ ಹರಡುವ ಈ ಅಲೆಗಳು ಎರಡು ಬಗೆ. 2.4 ಗಿಗಾಹರ್ಟ್ಸಿನದು ಗೋಡೆಗಳನ್ನು ದಾಟಬಲ್ಲದು, ಆದರೆ ನಿಧಾನ. ಅಲ್ಲದೆ ಅಕ್ಕಪಕ್ಕದ ಮನೆಗಳ ಅಲೆಗಳೂ ಅದೇ ಓಣಿಯಲ್ಲಿ ನೂಕಾಡುತ್ತಿರುತ್ತವೆ. 5 ಗಿಗಾಹರ್ಟ್ಸಿನದು ಚುರುಕು, ಆದರೆ ಎರಡು ಗೋಡೆ ಅಡ್ಡ ಬಂದರೆ ಸೊರಗುತ್ತದೆ. ರೌಟರನ್ನು ಬೀರುವಿನೊಳಗೂ, ಟಿವಿಯ ಹಿಂದೆಯೂ, ನಮ್ಮ ಪರಿಚಿತರೊಬ್ಬರ ಮನೆಯಲ್ಲಿ ದೇವರ ಗೂಡಿನ ಪಕ್ಕದಲ್ಲಿ ಗಂಟೆಯ ಜೊತೆಗೂ ಇಟ್ಟಿರುವುದನ್ನು ಕಂಡಿದ್ದೇವೆ. ಆದ್ದರಿಂದ ವೇಗವನ್ನು ಅಳೆಯುವವರು ರೌಟರಿನಿಂದ ಕಂಪ್ಯೂಟರಿಗೆ ತಂತಿಯನ್ನು ಸೇರಿಸಿ, ಮನೆಯ ಇತರ ಉಪಕರಣಗಳನ್ನೆಲ್ಲ ಬಿಡಿಸಿ ಅಳೆಯಬೇಕು. ನಮ್ಮ ಪುಸ್ತಕದ ಅಂಕಿಗಳು ಹೀಗೆ ಅಳೆದವು.

ಆ 94 ಎಂಬ ಅಂಕಿಯನ್ನು ಸ್ವಲ್ಪ ವಿಚಾರಿಸಬೇಕು. ದಿನವೂ, ಬೆಳಿಗ್ಗೆಯೂ ಮಧ್ಯಾಹ್ನವೂ, ಅದು 94ರ ಆಸುಪಾಸಿನಲ್ಲಿಯೇ ನಿಲ್ಲುತ್ತಿತ್ತು. ಇಂತಹ ಸ್ಥಿರತೆಯು ಆಕಸ್ಮಿಕವಲ್ಲ. ಹಳೆಯ ಮಾದರಿಯ ರೌಟರುಗಳಲ್ಲಿ ತಂತಿಯನ್ನು ಸಿಕ್ಕಿಸುವ ರಂಧ್ರವು 100 ಎಂಬಿಪಿಎಸ್‌ಗಿಂತ ಹೆಚ್ಚನ್ನು ಬಿಡುವುದಿಲ್ಲ. ಅದರಲ್ಲಿ ವಿಳಾಸ, ಸಾಗಣೆ ಮುಂತಾದ ಖರ್ಚನ್ನು ಕಳೆದರೆ ಕೈಗೆ ಬರುವುದು 94. ತಂತಿಯೊಳಗಿನ ನಾಲ್ಕು ಜೊತೆ ಎಳೆಗಳಲ್ಲಿ ಎರಡೇ ಜೊತೆಯನ್ನು ಕೂಡಿಸಿದ್ದರೂ ಇದೇ ಫಲ. ನಮ್ಮ ಮನೆಯಲ್ಲಿದ್ದುದು ಅಂತಹ ರೌಟರು, ಮತ್ತು ಅದನ್ನು ಕೊಟ್ಟವರು ಕಂಪೆನಿಯವರೇ. ನೂರರ ಬಾಗಿಲನ್ನು ತಾವೇ ಇಟ್ಟು, ಇನ್ನೂರನ್ನು ಮಾರಿ, ಆರು ತಿಂಗಳ ಹಣವನ್ನು ಎಣಿಸಿಕೊಂಡದ್ದು ಯಾವ ವ್ಯಾಪಾರಧರ್ಮವೋ ತಿಳಿಯದು. ನಾಲ್ಕು ಸಲ ದೂರಿತ್ತ ಮೇಲೆ ಬೇರೆ ರೌಟರು ಬಂದಿತು. ಹಗಲಿನ ವೇಗವು 188ಕ್ಕೆ ಏರಿತು. ಆದರೆ ರಾತ್ರಿಯದು ಅಲ್ಲಿಯೇ ಉಳಿಯಿತು: 33, 29, 41.

ರೌಟರನ್ನು ತಂದ ಹುಡುಗನು ನಮಗೆ ಶಿಷ್ಯನಾಗಿದ್ದವನ ಮಗ. ಸುಳ್ಳನ್ನು ಹೇಳಲು ಸಂಕೋಚಪಟ್ಟುಕೊಂಡ. “ಮೇಷ್ಟ್ರೇ, ಬೆಳಿಗ್ಗೆ ಎಲ್ಲರೂ ಒಟ್ಟಿಗೆ ನಲ್ಲಿ ತಿರುಗಿಸಿದರೆ ನೀರು ಸಣ್ಣಗೆ ಬರೋದಿಲ್ಲವೇ? ಇದೂ ಹಾಗೇ. ಒಂಬತ್ತು ಗಂಟೆಗೆ ಬೀದಿಯವರೆಲ್ಲ ಟಿವಿ ಹಾಕ್ತಾರೆ” ಎಂದ. ಕಂಪೆನಿಯ ದೂರವಾಣಿಯಲ್ಲಿ ತಿಂಗಳುಗಟ್ಟಲೆ ದೊರೆಯದ ವಿವರಣೆಯು ಈ ಎರಡು ವಾಕ್ಯಗಳಲ್ಲಿ ದೊರೆಯಿತು.

ಅವನ ಮಾತನ್ನು ಅಂಕಿಗಳಲ್ಲಿ ಹೇಳುವುದಾದರೆ ಹೀಗೆ. ಇಂದು ಮನೆಗಳಿಗೆ ಬರುವ ಗಾಜಿನ ಎಳೆಯು ಬಹುಮಟ್ಟಿಗೆ ಜಿಪಾನ್ ಎಂಬ ಪದ್ಧತಿಯದು. ಕೇಂದ್ರದಿಂದ ಹೊರಡುವ ಒಂದು ಎಳೆಯಲ್ಲಿ ಸೆಕೆಂಡಿಗೆ 2,488 ಮೆಗಾಬಿಟ್ ಇಳಿಯಬಲ್ಲದು. ಬೀದಿಯಲ್ಲಿ ಅದನ್ನು ಸೀಳಿ 32 ಮನೆಗಳಿಗೋ 64 ಮನೆಗಳಿಗೋ ಹಂಚುತ್ತಾರೆ. 32 ಮನೆಗಳವರೂ ಏಕಕಾಲದಲ್ಲಿ ಸೆಳೆದರೆ ತಲೆಗೆ 78 ಎಂಬಿಪಿಎಸ್‌ಗೂ ಸ್ವಲ್ಪ ಕಡಮೆ. 64 ಆದರೆ 39. ಇದರಾಚೆಗೆ, ಬಡಾವಣೆಯ ಕೇಂದ್ರದಿಂದ ಹೊರಜಗತ್ತಿಗೆ ಹೋಗುವ ಹೆದ್ದಾರಿಯನ್ನು ಕಂಪೆನಿಯು ಎಷ್ಟು ಅಗಲವಾಗಿ ಕೊಂಡುಕೊಂಡಿದೆ ಎಂಬ ಪ್ರಶ್ನೆ ಬೇರೆ. ಅಲ್ಲಿ ಜಿಪುಣತನ ಮಾಡಿದರೆ ಬೀದಿಯ ಎಳೆಯು ಎಷ್ಟು ದೊಡ್ಡದಾಗಿದ್ದರೂ ಪ್ರಯೋಜನವಿಲ್ಲ.

ಹಂಚಿಕೊಳ್ಳುವುದೇ ಅಪರಾಧವೆಂದು ನಾವು ಹೇಳುವುದಿಲ್ಲ. ಮದುವೆಯ ಮನೆಯಲ್ಲಿ ಅಡಿಗೆಯವನು ಐದುನೂರು ಮಂದಿಗೆ ಐದುನೂರು ಎಲೆಗಳನ್ನು ಒಟ್ಟಿಗೆ ಹಾಕುವುದಿಲ್ಲ; ಪಂಕ್ತಿಗಳಾಗಿ ಬಡಿಸುತ್ತಾನೆ. ಎಲ್ಲರೂ ಒಟ್ಟಿಗೆ ಸೆಳೆಯುವುದಿಲ್ಲವೆಂಬ ನಂಬಿಕೆಯ ಮೇಲೆಯೇ ಈ ಸಂಪರ್ಕವು ಸಾವಿರ ರೂಪಾಯಿಗೆ ದೊರೆಯುತ್ತದೆ. ಒಬ್ಬೊಬ್ಬರಿಗೂ ಪ್ರತ್ಯೇಕ ದಾರಿ ಬೇಕೆಂದರೆ ನಮ್ಮಂತಹವರು ಮನೆಯನ್ನು ಮಾರಬೇಕಾದೀತು. ಅಷ್ಟೇ ಅಲ್ಲ, ನಾಲ್ಕು ಜನರ ಮನೆಗೆ 200 ಬೇಕೇ ಬೇಕೆಂಬುದನ್ನೂ ನಾವು ಒಪ್ಪುವುದಿಲ್ಲ. ಅತ್ಯಂತ ಸ್ಫುಟವಾದ ಚಲನಚಿತ್ರಕ್ಕೂ 25 ಸಾಕು. ಮುಖ ನೋಡಿ ಮಾತನಾಡಲು ನಾಲ್ಕೈದು ಧಾರಾಳ. ಗೃಹಸ್ಥನಿಗೆ ಬೇಕಾದದ್ದು ಎತ್ತರವಲ್ಲ, ನಿಲುಕಡೆ. ರಾತ್ರಿ ಒಂಬತ್ತು ಗಂಟೆಯಲ್ಲಿಯೂ ತಪ್ಪದೆ 60 ಕೊಡುತ್ತೇವೆಂದು ಯಾವ ಕಂಪೆನಿಯಾದರೂ ಹೇಳಿದರೆ, ಇನ್ನೂರರವರೆಗಿನ ಆಸೆಯನ್ನು ಬಿಟ್ಟು ನಾವು ಅದೇ ಹಣವನ್ನು ಅವರಿಗೆ ಕೊಡುತ್ತೇವೆ. ಹೀಗೆ ಹೇಳುವವರು ಮಾತ್ರ ಕಾಣುವುದಿಲ್ಲ. ಏರಿಕೆಯನ್ನು ಮಾರುವುದು ಸುಲಭ, ಆಧಾರವನ್ನು ಕೊಡುವುದು ಕಷ್ಟ.

ಇದು ಲೋಕದಲ್ಲೆಲ್ಲ ಹೀಗೆಯೇ ನಡೆಯಬೇಕಾದ ವಿಧಿಯಲ್ಲ. ಬ್ರಿಟನ್ನಿನಲ್ಲಿ ಮೊದಲು ನೂರರಲ್ಲಿ ಹತ್ತು ಮಂದಿಗೆ ದೊರೆಯುವ ವೇಗವನ್ನು ‘ವರೆಗೆ’ ಎಂದು ಸಾರಬಹುದಾಗಿತ್ತು. 2018ರ ಮೇ 23ರಿಂದ ಜಾಹೀರಾತುಗಳ ಮೇಲ್ವಿಚಾರಣೆಯವರು ಅದನ್ನು ತಿದ್ದಿದರು. ರಾತ್ರಿ 8ರಿಂದ 10ರೊಳಗೆ, ಅಂದರೆ ನೂಕುನುಗ್ಗಲಿನ ಹೊತ್ತಿನಲ್ಲಿಯೇ, ಚಂದಾದಾರರಲ್ಲಿ ಅರ್ಧದಷ್ಟಾದರೂ ಜನರಿಗೆ ದೊರೆಯುವ ವೇಗವನ್ನು ಮಾತ್ರ ಜಾಹೀರಾತಿನಲ್ಲಿ ಹಾಕಬೇಕಾಯಿತು. 2019ರ ಮಾರ್ಚ್ 1ರಿಂದ ಅಲ್ಲಿಯ ನಿಯಂತ್ರಕರಾದ ಆಫ್‌ಕಾಮ್‌ನವರ ಸಂಹಿತೆಗೆ ಒಪ್ಪಿದ ಕಂಪೆನಿಗಳು, ಮಾರುವಾಗಲೇ ಕನಿಷ್ಠ ವೇಗವನ್ನು ಹೇಳತಕ್ಕದ್ದು. ಅದಕ್ಕಿಂತ ಇಳಿದು 30 ದಿನಗಳೊಳಗೆ ಸರಿಪಡಿಸದಿದ್ದರೆ ಚಂದಾದಾರನು ದಂಡವಿಲ್ಲದೆ ಬಿಟ್ಟುಹೋಗಬಹುದು.

ನಮ್ಮಲ್ಲಿ ನಿಯಮಗಳಿಲ್ಲವೆಂದಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, 2006ರಲ್ಲಿಯೇ, ಕಂಪೆನಿಯ ಕೇಂದ್ರದಿಂದ ಚಂದಾದಾರನವರೆಗಿನ ವೇಗವು ಒಪ್ಪಿದುದರ ನೂರಕ್ಕೆ 80 ಪಾಲಿಗಿಂತ ಮೇಲಿರಬೇಕೆಂದು ವಿಧಿಸಿತ್ತು. ಆ ಹಳೆಯ ನಿಯಮಗಳ ಸ್ಥಾನದಲ್ಲಿ 2024ರ ಅಕ್ಟೋಬರ್ 1ರಿಂದ ಹೊಸ ಗುಣಮಟ್ಟದ ನಿಯಮಾವಳಿಯು ಜಾರಿಗೆ ಬಂದಿದೆ. ಬ್ರಾಡ್‌ಬ್ಯಾಂಡ್ ಎಂಬ ಹೆಸರಿಗೆ ಬೇಕಾದ ಕನಿಷ್ಠ ವೇಗವು 2004ರಲ್ಲಿ 256 ಕಿಲೋಬಿಟ್ ಇದ್ದದ್ದು, 2013ರಲ್ಲಿ 512 ಆಗಿ, 2023ರಲ್ಲಿ 2 ಮೆಗಾಬಿಟ್ ಆಯಿತು. ಇದು ಎಲ್ಲರಿಗೂ ಒಂದೇ ಆದ ತಳ. ಇನ್ನೂರಕ್ಕೆ ಹಣ ತೆತ್ತವನಿಗೆ ಎರಡು ಬಂದರೆ ಸಮಾಧಾನವೇನು? ಅಕ್ಕಿಯ ಪೊಟ್ಟಣದ ಮೇಲೆ ನಿವ್ವಳ ತೂಕವನ್ನು ಅಚ್ಚುಹಾಕಬೇಕೆಂದು ಕಾನೂನಿದೆ. ‘ಒಂದು ಕಿಲೋವರೆಗೆ ಅಕ್ಕಿ’ ಎಂದು ಬರೆದ ಅಂಗಡಿಯವನ ಬಾಗಿಲಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ಬಂದು ನಿಲ್ಲುತ್ತಾರೆ. ಬೆಳಕಿನ ಎಳೆಯಲ್ಲಿ ಮಾರುವ ಸರಕಿಗೆ ಈ ಮರ್ಯಾದೆ ಏಕಿರಬಾರದು?

ಈ ಸಂಕಟದಲ್ಲಿರುವ ವಾಚಕರು ಮಾಡಬಹುದಾದುದನ್ನು ಹೇಳುತ್ತೇವೆ. ತಂತಿ ಸಿಕ್ಕಿಸಿ ಅಳೆದ ಅಂಕಿಗಳನ್ನು ದಿನ, ಗಂಟೆಗಳ ಸಹಿತ ಬರೆದಿಡಿರಿ. ರಾತ್ರಿಯ ಅಂಕಿಯೇ ಮುಖ್ಯ. ವೇಗಮಾಪಕವು ಅನೇಕ ವೇಳೆ ಕಂಪೆನಿಯ ಸ್ವಂತ ಯಂತ್ರದೊಡನೆಯೇ ಮಾತನಾಡಿ ಒಳ್ಳೆಯ ಅಂಕಿಯನ್ನು ತೋರಿಸುತ್ತದೆ. ಆದ್ದರಿಂದ ಬೇರೆಡೆಯ ಯಂತ್ರವನ್ನೂ ಆರಿಸಿ ನೋಡಿರಿ. ದೂರು ಕೊಟ್ಟಾಗ ದೂರಿನ ಸಂಖ್ಯೆಯನ್ನು ಕೇಳಿ ಪಡೆಯಿರಿ. ಅದಿಲ್ಲದ ದೂರು ಗಾಳಿಯಲ್ಲಿ ಹೋದ ಮಾತು. ಪರಿಹಾರ ದೊರೆಯದಿದ್ದರೆ 2012ರ ನಿಯಮಗಳಂತೆ ಆ ಕಂಪೆನಿಯೊಳಗೇ ಮೇಲ್ಮನವಿಯ ಪ್ರಾಧಿಕಾರವೊಂದು ಇರುತ್ತದೆ. ಅದಕ್ಕೆ ಶುಲ್ಕವಿಲ್ಲ; 39 ದಿನಗಳೊಳಗೆ ಅದು ತೀರ್ಮಾನವನ್ನು ಕೊಡತಕ್ಕದ್ದು. ಟ್ರಾಯ್‌ಗೆ ನೇರವಾಗಿ ಬರೆದು ಕಾಯುವವರು ಬಹಳ. ಆ ಪ್ರಾಧಿಕಾರವು ಒಬ್ಬೊಬ್ಬರ ದೂರನ್ನು ತಾನೇ ವಿಚಾರಿಸುವುದಿಲ್ಲವೆಂಬುದು ಅವರಿಗೆ ತಿಳಿಯದು. ಮೇಲ್ಮನವಿಯೂ ಫಲಿಸದಿದ್ದರೆ ಜಿಲ್ಲಾ ಗ್ರಾಹಕ ಆಯೋಗವುಂಟು. ದೂರಸಂಪರ್ಕದ ದೂರುಗಳನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟು 2022ರ ಫೆಬ್ರವರಿಯಲ್ಲಿ ತೀರ್ಪಿತ್ತಿದೆ. ಐದು ಲಕ್ಷ ರೂಪಾಯಿಯೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವೂ ಇಲ್ಲ. 1915 ಎಂಬ ಸಂಖ್ಯೆಗೆ ಕರೆದರೆ ಗ್ರಾಹಕ ಸಹಾಯವಾಣಿಯವರು ದಾರಿ ಹೇಳುತ್ತಾರೆ.

ನಾವು ನಮ್ಮ ಪುಸ್ತಕದ 42 ರಾತ್ರಿಗಳ ಅಂಕಿಗಳನ್ನು ನಕಲುಮಾಡಿ, ನೆರೆಮನೆಯ ಆ ತಾಯಿಯ ಅಂಕಿಗಳನ್ನೂ ಅವರ ರುಜುವಿನೊಡನೆ ಪ್ರತ್ಯೇಕ ಮನವಿಯಾಗಿ ಸೇರಿಸಿ, ಮೇಲ್ಮನವಿಯ ಪ್ರಾಧಿಕಾರಕ್ಕೆ ಕಳುಹಿಸಿದ್ದೇವೆ. ಕೇಳಿದ್ದು ಎರಡೇ: ರಾತ್ರಿಯ ಕನಿಷ್ಠ ವೇಗವು ಎಷ್ಟೆಂದು ಬರವಣಿಗೆಯಲ್ಲಿ ತಿಳಿಸಬೇಕು, ಅದನ್ನು ತಿಳಿಸಲಾರದಿದ್ದರೆ ಉಳಿದ ತಿಂಗಳುಗಳ ಹಣವನ್ನು ಹಿಂದಕ್ಕೆ ಕೊಡಬೇಕು. ಈ ಲೇಖನವು ಅಚ್ಚಿಗೆ ಹೋಗುವ ಹೊತ್ತಿಗೆ 28 ದಿನಗಳು ಕಳೆದಿವೆ. ಕಂಪೆನಿಯಿಂದ ಈವರೆಗೆ ಬಂದದ್ದು, 300ರವರೆಗೆ ಏರಿಸಿಕೊಳ್ಳಬೇಕೆಂಬ ಒಂದು ದೂರವಾಣಿಯ ಕರೆ.